ಹನ್ನೆರಡರಿಂದ ನಾಲ್ಕರವರೆಗೆ ಮುಟ್ಟಬೇಡಿ

ಐಸಿಯುನಲ್ಲಿ ರೋಗಿಗೆ ಬೆಳಗಿನ ಜಾವ ನಾಲ್ಕು ಗಂಟೆಗೆ ಮೈ ಒರೆಸುವ ಪದ್ಧತಿ ಎಲ್ಲಿಂದ ಬಂತು ಎಂದು ಯಾರನ್ನು ಕೇಳಿದರೂ ಒಂದೇ ಉತ್ತರ: ಮೊದಲಿನಿಂದಲೂ ಹಾಗೆಯೇ. ಕಾರಣ ಗುಟ್ಟಿನದೇನಲ್ಲ. ರಾತ್ರಿ ಪಾಳಿಯವರು ಎಂಟು ಗಂಟೆಗೆ ಮನೆಗೆ ಹೊರಡಬೇಕು. ಅಷ್ಟರೊಳಗೆ ಹಾಸಿಗೆ ಬಟ್ಟೆ ಬದಲಾಗಿರಬೇಕು, ಬಾಯಿ ಶುಚಿಯಾಗಿರಬೇಕು, ತಲೆ ಬಾಚಿರಬೇಕು, ಮೂತ್ರದ ಚೀಲ ಖಾಲಿ ಮಾಡಿ ಲೆಕ್ಕ ಬರೆದಿರಬೇಕು, ರಕ್ತ ಲ್ಯಾಬ್‌ಗೆ ಹೋಗಿರಬೇಕು. ದೊಡ್ಡ ಡಾಕ್ಟರು ರೌಂಡ್ಸ್‌ಗೆ ಬರುವಾಗ ರೋಗಿ ಮದುವಣಿಗನಂತೆ ಸಿದ್ಧವಾಗಿರಬೇಕು. ಹತ್ತು ಹಾಸಿಗೆಗೆ ಮೂವರು ಸಿಸ್ಟರ್‌ಗಳಿರುವಲ್ಲಿ ಎಂಟಕ್ಕೆ ಮುಗಿಯಬೇಕಾದರೆ ನಾಲ್ಕಕ್ಕೆ ಶುರು ಮಾಡಲೇಬೇಕು. ಜುಲೈ ತಿಂಗಳ ಶಿವಮೊಗ್ಗದಲ್ಲಿ, ಎ.ಸಿ. ಓಡುವ ಕೋಣೆಯಲ್ಲಿ, ಆಗ ತಾನೇ ಕಣ್ಣು ಹತ್ತಿದವರ ಬೆನ್ನಿಗೆ ಒದ್ದೆ ಬಟ್ಟೆ ತಾಗಿಸಿ "ಏಳಿ ಅಜ್ಜ, ಸ್ವಲ್ಪ ಮಗ್ಗುಲಾಗಿ" ಎನ್ನುತ್ತೇವೆ. ಏಳದೆ ಏನು ಮಾಡುತ್ತಾರೆ?

ನಾನು ತೀರ್ಥಹಳ್ಳಿ ಕಡೆಯವಳು. ಶಿವಮೊಗ್ಗದ ಒಂದು ಖಾಸಗಿ ಆಸ್ಪತ್ರೆಯ ಐಸಿಯುನಲ್ಲಿ ಸ್ಟಾಫ್ ನರ್ಸ್. ಆಸ್ಪತ್ರೆಯ ಹೆಸರು ಬೇಡ, ಏಕೆಂದರೆ ಇಲ್ಲಿ ಬರೆಯುವ ತಾಪತ್ರಯಗಳು ಯಾವ ಊರಿನ ಐಸಿಯುಗಾದರೂ ಹೊಂದುತ್ತವೆ. ನಮ್ಮಲ್ಲಿ ಮಲಗಿರುವವರನ್ನು ನೋಡಿಯೇ ಹೊರಗೆ ಯಾವ ಕಾಲ ಎಂದು ಹೇಳಬಹುದು. ನಾಟಿಯ ದಿನಗಳಲ್ಲಿ ಇಲಿಜ್ವರ, ಹಾವು ಕಡಿತ. ಅಡಿಕೆ ಗೊನೆಯ ಕೊಯ್ಲು ಶುರುವಾಯಿತೆಂದರೆ ಮರದಿಂದ ಬಿದ್ದವರು. ಚಳಿ ಕಳೆಯುವ ಹೊತ್ತಿಗೆ ಕಾಡಂಚಿನ ಊರುಗಳಿಂದ ಮಂಗನ ಕಾಯಿಲೆ. ದಮ್ಮು, ಹೃದಯಾಘಾತ, ಬೈಕ್ ಅಪಘಾತಗಳಿಗೆ ಕಾಲವಿಲ್ಲ. ಯಾವ ಕಾರಣಕ್ಕೆ ಬಂದವರಾದರೂ ಎರಡು ಮೂರು ರಾತ್ರಿ ಕಳೆಯುವಷ್ಟರಲ್ಲಿ ಮಾತನಾಡಲು ಬರುವವರೆಲ್ಲ ಹೇಳುವುದು ಒಂದನ್ನೇ: "ಸಿಸ್ಟರ್, ಸ್ವಲ್ಪ ಹೊತ್ತು ನಿದ್ದೆ ಮಾಡಲು ಬಿಡಿ."

ಹೊಸನಗರ ಕಡೆಯ ಒಬ್ಬ ಅಜ್ಜಿ ನ್ಯುಮೋನಿಯಾ ಆಗಿ ಬಂದಿದ್ದರು. ಮುಖಕ್ಕೆ ಬಿಗಿಯಾದ ಮಾಸ್ಕ್, ಅದರೊಳಗೆ ಒತ್ತಡದಿಂದ ನುಗ್ಗುವ ಗಾಳಿ. ಮೊದಲ ಎರಡು ದಿನ ಸರಿಯಾಗಿಯೇ ಇದ್ದರು. ಆಮೇಲೊಂದು ರಾತ್ರಿ ನೋಡಿದರೆ ಹೊದಿಕೆಯ ಮೇಲೆ ಎರಡೂ ಕೈಗಳಿಂದ ಏನನ್ನೋ ಮಾಡುತ್ತಿದ್ದಾರೆ. ಎಡಗೈ ಏನನ್ನೋ ಎತ್ತಿಕೊಳ್ಳುತ್ತದೆ, ಎರಡೂ ಕೈ ಸೇರಿ ಮುಂದಕ್ಕೆ ಒತ್ತುತ್ತವೆ, ಬೆರಳು ತಿರುಗುತ್ತದೆ, ಬಲಗೈ ಪಕ್ಕಕ್ಕೆ ಎಸೆಯುತ್ತದೆ, ಮತ್ತೆ ಎಡಗೈ. ಕೇರಳದಿಂದ ಬಂದ ನನ್ನ ಸಹೋದ್ಯೋಗಿಗೆ ಅದು ಅರ್ಥವಾಗಲಿಲ್ಲ. ನನಗೆ ನೋಡಿದ ತಕ್ಷಣ ತಿಳಿಯಿತು: ಅಜ್ಜಿ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುತ್ತಿದ್ದರು. ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ. ಮಧ್ಯೆ ಕೈಗೆ ಸಿಕ್ಕ ಡ್ರಿಪ್ಪಿನ ನಳಿಕೆಯನ್ನೂ ಸುಲಿಯಲು ನೋಡಿದರು.

ಹಿರಿಯರು ಇದನ್ನು ಸನ್ನಿ ಎನ್ನುತ್ತಾರೆ, ಡಾಕ್ಟರು ಡೆಲಿರಿಯಂ ಎಂದು ಬರೆಯುತ್ತಾರೆ. ಬೆಳಿಗ್ಗೆ ಮಗನಿಗೆ ತಿಳಿಸಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದು, "ಊರಿನ ಚೌಡಿಗೆ ಹರಕೆ ಬಾಕಿ ಇದೆ ಸಿಸ್ಟರ್" ಎಂದರು. ಹರಕೆಯೊಡನೆ ನನಗೆ ಜಗಳವಿಲ್ಲ. ಅದನ್ನೂ ತೀರಿಸಿ, ಬರುವಾಗ ಅಮ್ಮನ ಕನ್ನಡಕ ಮತ್ತು ಕಿವಿಯ ಯಂತ್ರ ತನ್ನಿ ಎಂದೆ. ಎರಡೂ ಮನೆಯ ಕಪಾಟಿನಲ್ಲಿ ಭದ್ರವಾಗಿದ್ದವು, ಆಸ್ಪತ್ರೆಯಲ್ಲಿ ಕಳೆದುಹೋಗಬಾರದೆಂದು.

ಡೆಲಿರಿಯಂ ಇದೆಯೋ ಇಲ್ಲವೋ ಎಂದು ಅಳೆಯಲು ಒಂದು ಕ್ರಮವಿದೆ, ಅಮೆರಿಕದ ವೈದ್ಯರು 2001ರಲ್ಲಿ ಪ್ರಕಟಿಸಿದ್ದು. ಮೊದಲು ಅಕ್ಷರಗಳನ್ನು ಒಂದೊಂದಾಗಿ ಹೇಳುತ್ತೇವೆ, ನಿಗದಿ ಮಾಡಿದ ಅಕ್ಷರ ಕೇಳಿದಾಗಲೆಲ್ಲ ರೋಗಿ ನಮ್ಮ ಕೈ ಹಿಸುಕಬೇಕು. ಗಮನ ನಿಲ್ಲುತ್ತದೆಯೇ ಎಂದು ನೋಡುವ ಉಪಾಯ. ಆಮೇಲೆ ಹೌದು-ಅಲ್ಲ ಎನ್ನುವ ಪ್ರಶ್ನೆಗಳು: ಕಲ್ಲು ನೀರಿನಲ್ಲಿ ತೇಲುತ್ತದೆಯೇ? ಸಮುದ್ರದಲ್ಲಿ ಮೀನುಗಳಿವೆಯೇ? ಸಾಗರದ ನಿವೃತ್ತ ಮೇಷ್ಟರೊಬ್ಬರಿಗೆ ಕಲ್ಲಿನ ಪ್ರಶ್ನೆ ಕೇಳಿದಾಗ, "ಶ್ರೀರಾಮನ ಹೆಸರು ಬರೆದಿದ್ದರೆ ತೇಲುತ್ತದೆ" ಎಂದರು. ಡ್ಯೂಟಿ ಡಾಕ್ಟರಿಗೆ ಇದನ್ನು ಸರಿ ಎಂದು ಹಾಕಿಕೊಳ್ಳಬೇಕೋ ತಪ್ಪು ಎಂದೋ ತಿಳಿಯಲಿಲ್ಲ. ಅಕ್ಷರದ ಪರೀಕ್ಷೆಯಲ್ಲಿ ಮೇಷ್ಟರು ಒಂದನ್ನೂ ಬಿಟ್ಟಿರಲಿಲ್ಲವಾದ್ದರಿಂದ ಅವರ ತಲೆ ನಮ್ಮೆಲ್ಲರಿಗಿಂತ ಚುರುಕಾಗಿದೆ ಎಂದು ತೀರ್ಮಾನವಾಯಿತು.

ನಿದ್ದೆಗೇಡಿಗೂ ಡೆಲಿರಿಯಂಗೂ ನಂಟಿದೆ, ಆದರೆ ಯಾವುದು ಯಾವುದಕ್ಕೆ ಕಾರಣ ಎಂಬುದು ಇನ್ನೂ ಪೂರ್ತಿ ಬಿಡಿಸಲಾಗದ ಗಂಟು. ಸೋಂಕು, ಆಮ್ಲಜನಕದ ಕೊರತೆ, ಲವಣಾಂಶದ ಏರುಪೇರು, ಕುಡಿತ ಥಟ್ಟನೆ ನಿಂತದ್ದು, ನಾವೇ ಕೊಡುವ ಔಷಧಗಳು, ಇವೆಲ್ಲವೂ ತಲೆ ಕೆಡಿಸಬಲ್ಲವು. ನಮ್ಮ ಸೀಮೆಯಲ್ಲಿ ಇನ್ನೊಂದು ತೊಡಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯಲ್ಲಿ ಕೆಲವರಿಗೆ ಜ್ವರ ಬಿಟ್ಟು ಮತ್ತೆ ಮರುಕಳಿಸುತ್ತದೆ, ಆ ಎರಡನೆಯ ಸುತ್ತಿನಲ್ಲಿ ತಲೆನೋವು, ನಡುಕ, ಬುದ್ಧಿ ಮಂಕಾಗುವುದು ಉಂಟು. ಹಾಗಾಗಿ ಮನಸ್ಸು ತಪ್ಪಿದವರೆಲ್ಲ ನಿದ್ದೆಗೆಟ್ಟವರು ಎಂದುಕೊಳ್ಳುವಂತಿಲ್ಲ. ಮೊದಲು ಡಾಕ್ಟರು ನೋಡಬೇಕು. ಆದರೆ ಕಾರಣ ಏನೇ ಇರಲಿ, ಮೂರು ರಾತ್ರಿ ನಿದ್ದೆ ಕೊಡದೆ ಯಾರ ತಲೆಯೂ ತಿಳಿಯಾಗುವುದಿಲ್ಲ.

ನಿದ್ದೆ ಕೊಡದೆ ಎಂದು ಬೇಕೆಂದೇ ಬರೆದೆ. 2004ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಐಸಿಯುಗಳ 147 ರಾತ್ರಿಗಳ ದಾಖಲೆ ತೆಗೆದು, ಒಬ್ಬ ರೋಗಿಯ ಬಳಿಗೆ ಒಂದು ರಾತ್ರಿಯಲ್ಲಿ ಆರೈಕೆಯ ಹೆಸರಿನಲ್ಲಿ ಎಷ್ಟು ಬಾರಿ ಹೋಗುತ್ತಾರೆ ಎಂದು ಲೆಕ್ಕ ಹಾಕಿದ್ದರು. ಸರಾಸರಿ ಸುಮಾರು 43 ಬಾರಿ. ಅಷ್ಟೂ ರಾತ್ರಿಗಳಲ್ಲಿ ಎರಡು ಮೂರು ಗಂಟೆ ಯಾರೂ ತಡೆಯದ ಅವಧಿ ಸಿಕ್ಕಿದ್ದು ಬರೀ 9 ಸಲ. ದಿನದ ಸ್ನಾನದಲ್ಲಿ 62 ಶೇಕಡಾ ನಡೆದದ್ದು ರಾತ್ರಿ ಒಂಬತ್ತರಿಂದ ಬೆಳಗಿನ ಆರರ ನಡುವೆ. ಅಮೆರಿಕದವರೂ ನಮ್ಮ ಹಾಗೆಯೇ ನಾಲ್ಕು ಗಂಟೆಗೆ ಬಕೆಟ್ ಹಿಡಿಯುತ್ತಾರೆ ಎಂದು ಓದಿ ನನಗೆ ಒಂದು ಬಗೆಯ ಸಮಾಧಾನವಾಯಿತು, ಸುಳ್ಳು ಹೇಳುವುದೇಕೆ. ನಿದ್ದೆಯ ಒಂದು ಸುತ್ತು ಮುಗಿಯಲು ಸುಮಾರು ತೊಂಬತ್ತು ನಿಮಿಷ ಬೇಕು. ಹದಿನೈದು ನಿಮಿಷಕ್ಕೊಮ್ಮೆ ಎಬ್ಬಿಸಿದರೆ ರೋಗಿ ಮೆಟ್ಟಿಲ ಮೊದಲ ಹಂತದಲ್ಲೇ ಹತ್ತಿ ಇಳಿಯುತ್ತಿರುತ್ತಾನೆ, ಆಳದ ನಿದ್ದೆಗೆ ತಲುಪುವುದೇ ಇಲ್ಲ.

ಆ್ಯಂಟಿಬಯೋಟಿಕ್‌ಗೆ ಗಂಟೆ ಬರೆಯುತ್ತೇವೆ, ಇನ್ಸುಲಿನ್‌ಗೆ ಬರೆಯುತ್ತೇವೆ. ನಿದ್ದೆಗೆ ಮಾತ್ರ ಎಲ್ಲ ಕೆಲಸ ಮುಗಿದು ಮಿಕ್ಕ ಹೊತ್ತು, ಮತ್ತು ಐಸಿಯುನಲ್ಲಿ ಎಲ್ಲ ಕೆಲಸ ಮುಗಿಯುವುದೆಂದೇ ಇಲ್ಲ. ಹಾಗಾಗಿ ನಮ್ಮ ಇನ್‌ಚಾರ್ಜ್ ಸಿಸ್ಟರ್ ಮತ್ತು ನಾನು ಪಟ್ಟು ಹಿಡಿದು, ಸ್ಥಿತಿ ಸುಧಾರಿಸಿದ ರೋಗಿಗಳ ಹಾಳೆಯಲ್ಲಿ ಡಾಕ್ಟರ ಸಹಿಯೊಂದಿಗೆ ಒಂದು ಸಾಲು ಬರೆಸುವ ರೂಢಿ ತಂದೆವು: ರಾತ್ರಿ 12ರಿಂದ 4, ತುರ್ತು ಇಲ್ಲದೆ ಮುಟ್ಟಬೇಡಿ. ರಕ್ತದೊತ್ತಡಕ್ಕೆ ಔಷಧ ಓಡುತ್ತಿರುವವರಿಗೆ, ಆಗಷ್ಟೇ ಆಪರೇಷನ್ ಆದವರಿಗೆ, ಉಸಿರು ಇನ್ನೂ ಹತೋಟಿಗೆ ಬಾರದವರಿಗೆ ಇದು ಅನ್ವಯಿಸುವುದಿಲ್ಲ.

ಈ ನಾಲ್ಕು ಗಂಟೆಯನ್ನು ಬಿಡಿಸಿಕೊಳ್ಳಲು ಹೊರಟಾಗ ಎಂಥೆಂಥ ಸಣ್ಣ ವಿಷಯಗಳು ಅಡ್ಡ ಬರುತ್ತವೆ ಎಂದರೆ ನಗು ಬರುತ್ತದೆ. ತೋಳಿಗೆ ಕಟ್ಟಿದ ಬಿ.ಪಿ. ಪಟ್ಟಿ ಹದಿನೈದು ನಿಮಿಷಕ್ಕೊಮ್ಮೆ ತಾನೇ ಉಬ್ಬಿ ತೋಳು ಹಿಂಡುತ್ತದೆ. ದಾಖಲಾದ ರಾತ್ರಿ ಅದು ಬೇಕಿತ್ತು. ನಾಲ್ಕನೆಯ ದಿನವೂ ಹಾಗೆಯೇ ಇರುವುದು ಯಾರೂ ಗುಂಡಿ ಒತ್ತಿ ಬದಲಿಸದ ಕಾರಣಕ್ಕೆ. ಇನ್ನು ಔಷಧದ ಹೊತ್ತು. ರೋಗಿ ನಸುಕಿನ ಎರಡಕ್ಕೆ ದಾಖಲಾದರೆ ಎಂಟು ಗಂಟೆಗೊಮ್ಮೆ ಕೊಡುವ ಇಂಜೆಕ್ಷನ್ ಎರಡು, ಹತ್ತು, ಆರು ಎಂದು ಸಾಗಿ, ಡಿಸ್ಚಾರ್ಜ್ ಆಗುವವರೆಗೂ ದಿನವೂ ಎರಡಕ್ಕೆ ಎಬ್ಬಿಸುತ್ತದೆ. ಡಾಕ್ಟರನ್ನು ಕೇಳಿ ಒಂದು ಡೋಸ್ ಹಿಂದೆ ಮುಂದೆ ಮಾಡಿದರೆ ಅದು ಆರು, ಎರಡು, ರಾತ್ರಿ ಹತ್ತಕ್ಕೆ ಬಂದು ಕೂರುತ್ತದೆ. ಹನ್ನೊಂದೂವರೆಗೆ ಒಂದೇ ಸುತ್ತಿನಲ್ಲಿ ಶುಗರ್, ಬಾಯಿ ಶುಚಿ, ಬೇಕಾದರೆ ಸಕ್ಷನ್ (ಕಫ ಹೀರಿ ತೆಗೆಯುವುದು), ಮಗ್ಗುಲು ಬದಲು ಎಲ್ಲ ಮುಗಿಸುತ್ತೇವೆ. ತಾನಾಗಿ ಹೊರಳಲಾರದವರನ್ನು ಮಾತ್ರ ನಡುವೆಯೂ ಹೊರಳಿಸಲೇಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ಆದರೆ ಅದಕ್ಕೆ ಟ್ಯೂಬ್‌ಲೈಟ್ ಹಾಕಿ ನಾಲ್ವರು ನಿಂತು "ಒಂದು, ಎರಡು, ಮೂರು" ಎಂದು ಕೂಗಬೇಕಾಗಿಲ್ಲ. ಇಬ್ಬರು, ಒಂದು ಸಣ್ಣ ಟಾರ್ಚು, ಬೆನ್ನಿಗೊಂದು ದಿಂಬು, ಅಷ್ಟು ಸಾಕು.

ಸದ್ದಿನ ವಿಚಾರಕ್ಕೆ ಬರೋಣ. ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ ಆಸ್ಪತ್ರೆಯ ವಾರ್ಡಿನಲ್ಲಿ ರಾತ್ರಿಯ ಸರಾಸರಿ ಸದ್ದು 30 ಡೆಸಿಬೆಲ್ ಮೀರಬಾರದು, ಆಗೊಮ್ಮೆ ಈಗೊಮ್ಮೆ ಏಳುವ ಸದ್ದು ಕೂಡ 40 ದಾಟಬಾರದು. ನಾವು ಎದುರುಬದುರು ಕುಳಿತು ಮಾತನಾಡುವುದೇ ಸುಮಾರು 60. ಮೊಬೈಲ್‌ನಲ್ಲಿ ಸದ್ದು ಅಳೆಯುವ ಆ್ಯಪ್ ಹಾಕಿಕೊಂಡು ಒಂದು ರಾತ್ರಿ ನರ್ಸಿಂಗ್ ಮೇಜಿನ ಮೇಲಿಟ್ಟೆ. ಅದನ್ನು ಕರಾರುವಾಕ್ಕು ಎನ್ನುವಂತಿಲ್ಲ, ಆದರೆ ಮುಳ್ಳು ಯಾವಾಗ ಜಿಗಿಯುತ್ತದೆ ಎಂದು ನೋಡಲು ಸಾಕು. ವೆಂಟಿಲೇಟರ್, ಮಾನಿಟರ್‌ಗಳೇ ಅಪರಾಧಿಗಳೆಂದು ಎಲ್ಲರ ನಂಬಿಕೆ. ಮುಳ್ಳು ಜಿಗಿದದ್ದು ಕಸದ ಬುಟ್ಟಿಗೆ! ಕಾಲಿನಿಂದ ತುಳಿದರೆ ಮುಚ್ಚಳ ತೆರೆಯುವ ಹಳದಿ, ಕೆಂಪು, ನೀಲಿ ಬುಟ್ಟಿಗಳು ಪ್ರತಿ ಹಾಸಿಗೆಯ ಆಸುಪಾಸಿನಲ್ಲಿವೆ. ಕೈಗವಸು ಎಸೆದು ಕಾಲು ತೆಗೆದರೆ ಮುಚ್ಚಳ ಫಟ್ಟೆಂದು ಬೀಳುತ್ತದೆ. ಇದು ರಾತ್ರಿಯಿಡೀ ನಡೆಯುತ್ತದೆ. ಆ ಸದ್ದಿಗೆ ನಮ್ಮ ಕಿವಿ ಎಷ್ಟು ಒಗ್ಗಿಹೋಗಿತ್ತೆಂದರೆ ಅದು ಕೇಳಿಸುವುದೇ ನಿಂತಿತ್ತು. ವಾರ್ಡ್ ಬಾಯ್ ಹಳೆಯ ಸೈಕಲ್ ಟ್ಯೂಬನ್ನು ಪಟ್ಟಿ ಕತ್ತರಿಸಿ ಮುಚ್ಚಳಗಳ ಅಂಚಿಗೆ ಅಂಟಿಸಿದ. ಖರ್ಚು ಏನೂ ಇಲ್ಲ. ಸೋಂಕು ನಿಯಂತ್ರಣದ ಸಿಸ್ಟರ್ ಬಂದು, ದಿನವೂ ಒರೆಸಿ ಶುಚಿ ಮಾಡುವುದಾದರೆ ಇರಲಿ ಎಂದು ಒಪ್ಪಿದರು. ಆಮೇಲೆ ಆಕ್ಸಿಜನ್ ಸಿಲಿಂಡರ್ ಗಾಡಿಯ ಕೀರಲು ಚಕ್ರಕ್ಕೆ ಎಣ್ಣೆ ಬಿತ್ತು. ಸ್ಟೀಲ್ ಟ್ರೇಗಳನ್ನು ಒಂದರ ಮೇಲೊಂದು ಜೋಡಿಸುವ ಕೆಲಸ ಹಗಲಿಗೆ ಹೋಯಿತು. ಕೊನೆಗೂ ಬಗೆಹರಿಯದ್ದು ನಮ್ಮ ಬಾಯಿ. ಎರಡು ಗಂಟೆಯ ಚಹಾ ಹೊತ್ತಿನಲ್ಲಿ ಧಾರಾವಾಹಿಯ ಕಥೆ ಬಂದರೆ ಯಾವ ನಿಯಮವೂ ನಿಲ್ಲುವುದಿಲ್ಲ.

ಅಲಾರಂಗಳನ್ನು ಆರಿಸಿಡಬೇಕೆಂದು ಯಾರೂ ನನ್ನ ಮಾತಿನಿಂದ ತಿಳಿಯಬಾರದು. ಆದರೆ ಹೊಡೆಯುವ ಬಹುಪಾಲು ಅಲಾರಂಗಳಿಗೆ ಯಾರೂ ಏನೂ ಮಾಡಬೇಕಾಗಿರುವುದಿಲ್ಲ ಎಂಬುದು ಜಗತ್ತಿನ ಐಸಿಯುಗಳಲ್ಲೆಲ್ಲ ಕಂಡ ಸತ್ಯ. ಬೀಡಿ ಸೇದಿ ಸೇದಿ ಶ್ವಾಸಕೋಶ ಸವೆದ ಮನುಷ್ಯನ ರಕ್ತದ ಆಮ್ಲಜನಕ ಮನೆಯಲ್ಲಿಯೂ ಶೇಕಡಾ 88ರ ಆಸುಪಾಸಿನಲ್ಲೇ ಇರುತ್ತದೆ. ಅವನ ಮಾನಿಟರ್‌ನಲ್ಲಿ 90ರ ಗಡಿ ಇಟ್ಟರೆ ಅದು ಬೆಳಗಿನವರೆಗೂ ಬಡಿದುಕೊಳ್ಳುತ್ತದೆ. ಎಷ್ಟಕ್ಕೆ ಹೊಡೆಯಬೇಕು ಎಂದು ಸಂಜೆಯ ರೌಂಡ್ಸ್‌ನಲ್ಲೇ ಡಾಕ್ಟರಿಂದ ಬರೆಸಿಕೊಳ್ಳಬೇಕು. ಎದೆಗೆ ಅಂಟಿಸಿದ ಬಿಲ್ಲೆಗಳು ಒಣಗಿದ್ದರೆ ಸಂಜೆಯೇ ಬದಲಿಸಬೇಕು. ಸಿರಿಂಜ್ ಪಂಪ್ ಖಾಲಿಯಾಗುತ್ತಿದೆ ಎಂದು ಕಿರುಚುವ ಮೊದಲೇ ಮುಂದಿನ ಸಿರಿಂಜ್ ತುಂಬಿಟ್ಟಿರಬೇಕು.

ಬೆಳಕಿನದು ಬೇರೆ ಕಥೆ. ಕಟ್ಟಡ ಕಟ್ಟಿದವರು ಐದು ಹಾಸಿಗೆಗೆ ಒಂದೇ ಸ್ವಿಚ್ ಇಟ್ಟಿದ್ದರು. ಒಬ್ಬರಿಗೆ ಡ್ರಿಪ್ ಹಾಕಲು ದೀಪ ಬೇಕೆಂದರೆ ಐವರ ಕಣ್ಣಿಗೂ ಹಗಲು. ಕಣ್ಣಿನ ಹಿಂಪರದೆಯಲ್ಲಿ ಬೆಳಕನ್ನು ಅಳೆದು ಮೆದುಳಿಗೆ ಹೊತ್ತು ತಿಳಿಸುವ ಕೋಶಗಳಿವೆ, ನೀಲಿ ಅಂಶ ಹೆಚ್ಚಿರುವ ಬಿಳಿ ಬೆಳಕಿಗೆ ಅವು ಹೆಚ್ಚು ಸ್ಪಂದಿಸಿ ನಿದ್ದೆಯ ಹಾರ್ಮೋನ್ ಮೆಲಟೋನಿನ್ ಅನ್ನು ತಗ್ಗಿಸುತ್ತವೆ. ಇದನ್ನೆಲ್ಲ ವಿವರಿಸಿ ಆಡಳಿತದವರಿಗೆ ಪತ್ರ ಬರೆದೆವು. ಪತ್ರ ಎಲ್ಲಿ ಹೋಯಿತೋ. ಆಸ್ಪತ್ರೆಯ ಎಲೆಕ್ಟ್ರಿಷಿಯನ್‌ಗೆ ನೇರವಾಗಿ ಹೇಳಿದಾಗ ಅವರು ಒಂದು ಮಧ್ಯಾಹ್ನ ಬಂದು ಸ್ವಿಚ್‌ಗಳನ್ನು ಬೇರೆ ಮಾಡಿಕೊಟ್ಟರು.

ಕಣ್ಣಿಗೆ ಕಟ್ಟಲು ಹತ್ತಿಬಟ್ಟೆಯ ಪಟ್ಟಿಗಳನ್ನು ದರ್ಜಿಯಿಂದ ಹೊಲಿಸಿದೆವು, ಕಿವಿಗೆ ಸ್ಪಂಜಿನ ಬಿರಡೆ. ಬೆಲ್ಜಿಯಂನಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ರಾತ್ರಿ ಕಿವಿಗೆ ಬಿರಡೆ ಹಾಕಿಕೊಂಡವರಲ್ಲಿ ಮೊದಲ 48 ಗಂಟೆಗಳಲ್ಲಿ ಗೊಂದಲ ಕಡಿಮೆ ಕಂಡಿತ್ತು. ನಮ್ಮ ಕಡೆಯ ಯುವಕರು ಖುಷಿಯಿಂದ ಹಾಕಿಕೊಳ್ಳುತ್ತಾರೆ. ಹಿರಿಯರದು ಬೇರೆ ಲೆಕ್ಕ. "ಕಣ್ಣು ಕಟ್ಟಿ ನನ್ನನ್ನು ಎಲ್ಲಿಗೆ ಕರೆದುಕೊಂಡು ಹೋಗುತ್ತೀಯಾ ಮಗಳೇ?" ಎಂದು ಒಬ್ಬ ಅಜ್ಜ ಕೇಳಿದರು. ಒತ್ತಾಯ ಮಾಡಲಿಲ್ಲ. ಅವರ ಹಾಸಿಗೆಯ ಪರದೆ ಎಳೆದು ದೀಪ ಆರಿಸಿದೆವು.

"ಒಂದು ನಿದ್ದೆಯ ಇಂಜೆಕ್ಷನ್ ಕೊಟ್ಟುಬಿಡಿ" ಎಂದು ಮನೆಯವರು ಕೇಳುತ್ತಾರೆ. ಮಿಡಜೋಲಾಂನಂಥ ಔಷಧ ಕಣ್ಣು ಮುಚ್ಚಿಸುತ್ತದೆ ನಿಜ, ಆದರೆ ಆಳದ ನಿದ್ದೆಯನ್ನೂ ಕನಸಿನ ನಿದ್ದೆಯನ್ನೂ ಕಡಿಮೆ ಮಾಡುತ್ತದೆ, ಡೆಲಿರಿಯಂ ಹೆಚ್ಚಿಸುವ ಸಂಭವವೂ ಇದೆ. ನಿದ್ದೆಗೆಂದು ಪ್ರೊಪೊಫಾಲ್ ಎಂಬ ಅರಿವಳಿಕೆ ಔಷಧ ಬಳಸುವುದು ಬೇಡ ಎಂದು ಅಮೆರಿಕದ ತೀವ್ರ ನಿಗಾ ವೈದ್ಯರ ಸಂಘದ 2018ರ ಮಾರ್ಗಸೂಚಿ ಹೇಳುತ್ತದೆ. ಅದು ಶಿಫಾರಸು ಮಾಡಿದ್ದು ಸದ್ದು, ಬೆಳಕು ತಗ್ಗಿಸಿ ಹಲವು ಕ್ರಮಗಳನ್ನು ಒಟ್ಟಿಗೆ ಅನುಸರಿಸುವುದನ್ನು.

ಕಣ್ಣು ಮುಚ್ಚಿದವರೆಲ್ಲ ನಿದ್ದೆ ಮಾಡಿದವರಲ್ಲ ಎನ್ನುವುದು ಪಾಳಿ ಬದಲಾಗುವಾಗ ನಾವು ಬರೆಯುವ ಹ್ಯಾಂಡ್‌ಓವರ್ ಪುಸ್ತಕಕ್ಕೆ ಇನ್ನೂ ತಿಳಿದಿಲ್ಲ. ಅದರಲ್ಲಿ ಪ್ರತಿ ರಾತ್ರಿಯೂ "ರೋಗಿ ಚೆನ್ನಾಗಿ ನಿದ್ರಿಸಿದರು" ಎಂದೇ ಇರುತ್ತದೆ. ರೋಗಿಗಳು ಹೇಳುವುದಕ್ಕಿಂತ ನರ್ಸ್‌ಗಳು ಅವರ ನಿದ್ದೆಗೆ ಹೆಚ್ಚು ಅಂಕ ಕೊಡುತ್ತಾರೆಂದು ಅಧ್ಯಯನಗಳೇ ತೋರಿಸಿವೆ. ಇನ್ನು ರೋಗಿಯನ್ನೇ ಕೇಳೋಣವೆಂದರೆ ಮಲೆನಾಡಿನವರ ಸಂಕೋಚ. "ನಿದ್ದೆ ಬಂತೇ ಅಜ್ಜೀ?" ಎಂದರೆ "ಬಂತು ಬಂತು, ನಿಮಗೇ ಪಾಪ ನಿದ್ದೆ ಇಲ್ಲ" ಎನ್ನುತ್ತಾರೆ! ಅದಕ್ಕೇ ಕಾಗದದ ಮೇಲೆ ಒಂದು ಗೆರೆ ಎಳೆದು, ಈ ತುದಿ ಎಂದರೆ ಕಣ್ಣೇ ಮುಚ್ಚಿಲ್ಲ, ಆ ತುದಿ ಎಂದರೆ ಮನೆಯಲ್ಲಿ ಮಲಗಿದ ಹಾಗೆ, ಬೆರಳಿಟ್ಟು ತೋರಿಸಿ ಎಂದು ಕೇಳುತ್ತೇವೆ. ಬಾಯಿ ಹೇಳದ್ದನ್ನು ಬೆರಳು ಹೇಳಿಬಿಡುತ್ತದೆ.

ಇಷ್ಟೆಲ್ಲ ಮಾಡಿದರೆ ನಿದ್ದೆ ಬಂದೇ ಬರುತ್ತದೆ ಎಂದು ಭರವಸೆ ಕೊಡಲಾರೆ. ಮೆದುಳಿನ ತರಂಗವನ್ನೂ ಕೋಣೆಯ ಸದ್ದನ್ನೂ ಒಟ್ಟಿಗೆ ದಾಖಲಿಸಿದ 2003ರ ಅಧ್ಯಯನವೊಂದರಲ್ಲಿ, ವೆಂಟಿಲೇಟರ್‌ನಲ್ಲಿದ್ದ ರೋಗಿಗಳು ಎಚ್ಚರಗೊಂಡದ್ದರಲ್ಲಿ ಸದ್ದು ಮತ್ತು ಆರೈಕೆ ಎರಡೂ ಸೇರಿ ಕಾರಣವಾಗಿದ್ದು 30 ಶೇಕಡಾಕ್ಕಿಂತ ಕಡಿಮೆ. ಉಳಿದದ್ದಕ್ಕೆ ನೋವು, ಕಾಯಿಲೆ, ಯಂತ್ರದ ಉಸಿರಿಗೂ ತನ್ನ ಉಸಿರಿಗೂ ಹೊಂದದಿರುವುದು, ಭಯ ಕಾರಣವಿರಬಹುದು. ಬಾಲ್ಟಿಮೋರ್‌ನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯವರು ಇಂಥದೇ ಕ್ರಮಗಳನ್ನು ಜಾರಿಗೆ ತಂದು 2013ರಲ್ಲಿ ಫಲಿತಾಂಶ ಪ್ರಕಟಿಸಿದರು: ಸದ್ದಿನ ದೂರು ಇಳಿಯಿತು, ಡೆಲಿರಿಯಂ ಕಡಿಮೆಯಾಯಿತು, ಆದರೆ ಒಟ್ಟಾರೆ ನಿದ್ದೆಗೆ ರೋಗಿಗಳು ಕೊಟ್ಟ ಅಂಕ ಹೇಳಿಕೊಳ್ಳುವಷ್ಟು ಏರಲಿಲ್ಲ. ನಮ್ಮ ಡಾಕ್ಟರೊಬ್ಬರು ಇದನ್ನು ಓದಿ, "ಮತ್ತೆ ಇಷ್ಟೆಲ್ಲ ಏಕೆ?" ಎಂದರು. ಡೆಲಿರಿಯಂ ಕಡಿಮೆಯಾದರೆ ನನಗೆ ಅಷ್ಟೇ ಸಾಕು ಎಂದೆ. ನಳಿಕೆ ಕಿತ್ತುಕೊಳ್ಳುವ ಕೈಯನ್ನು ರಾತ್ರಿಯಿಡೀ ಹಿಡಿದು ಕೂರುವವಳು ನಾನು, ಅವರಲ್ಲ.

ಐಸಿಯು ಹೊರಗೆ ಕಾಯುವವರಿಗೆ ಒಂದೆರಡು ಮಾತು. ಕನ್ನಡಕ, ಕಿವಿಯ ಯಂತ್ರ ತಂದುಕೊಡಿ. ಗೋಡೆಗೆ ತೂಗುಹಾಕುವಷ್ಟು ದೊಡ್ಡ ಅಕ್ಷರದ ಕ್ಯಾಲೆಂಡರ್ ಇದ್ದರೆ ಇನ್ನೂ ಒಳ್ಳೆಯದು. ಒಳಗೆ ಬಂದಾಗ "ನಾನು ಯಾರು ಹೇಳು ನೋಡೋಣ" ಎಂದು ಪರೀಕ್ಷೆ ಮಾಡಬೇಡಿ, ನೀವೇ ಹೆಸರು ಹೇಳಿ. ಇಂದು ಯಾವ ವಾರ, ಮಳೆ ಹೊಳವಾಯಿತೇ, ದನ ಕರು ಹಾಕಿತೇ, ತೋಟಕ್ಕೆ ಮದ್ದು ಹೊಡೆದಾಯಿತೇ, ಇಂಥದನ್ನು ಮಾತನಾಡಿ. ಬಿಲ್ಲಿನ ವಿಷಯ, ಪಾಲಿನ ವಿಷಯ ಹೊರಗೇ ಇರಲಿ. ಮಧ್ಯಾಹ್ನ ಪೂರ್ತಿ ಮಲಗಲು ಬಿಡಬೇಡಿ. ಐಸಿಯು ರೋಗಿಗಳ ನಿದ್ದೆಯಲ್ಲಿ ಅರ್ಧದಷ್ಟು ಹಗಲಿನಲ್ಲೇ ಚೂರುಚೂರಾಗಿ ಮುಗಿದುಹೋಗುತ್ತದೆ. ಡಾಕ್ಟರು ಒಪ್ಪಿದರೆ ಕುರ್ಚಿಯಲ್ಲಿ ಕೂರಿಸಿ, ಕಿಟಕಿಯ ಕಡೆಗೆ ಮುಖ ಮಾಡಿಸಲು ನಾವೇ ಬರುತ್ತೇವೆ.

ಅಡಿಕೆ ಸುಲಿಯುತ್ತಿದ್ದ ಅಜ್ಜಿ ಕನ್ನಡಕ ಬಂದ ಮೇಲೂ ಎರಡು ರಾತ್ರಿ ಸುಲಿದರು. ಆಮೇಲೆ ಮಾಸ್ಕ್ ತೆಗೆದರು, ಜ್ವರ ಇಳಿಯಿತು, ಸುಲಿಯುವುದೂ ನಿಂತಿತು. ಯಾವುದರಿಂದ ಗುಣವಾಯಿತು ಎಂದು ಕೇಳಿದರೆ ಆ್ಯಂಟಿಬಯೋಟಿಕ್ ಎಂದೇ ಹೇಳಬೇಕು. ಮಗ ಚೌಡಿಯ ಪ್ರಸಾದ ತಂದು ಎಲ್ಲರಿಗೂ ಹಂಚಿದರು.

ಮೈ ಒರೆಸುವ ವಿಚಾರದಲ್ಲಿ ಬೆಳಗಿನ ಪಾಳಿಯವರೊಂದಿಗೆ ದೊಡ್ಡ ಜಗಳವೇ ಆಯಿತು. "ರಾತ್ರಿಯ ಕೆಲಸವನ್ನು ನಮ್ಮ ತಲೆಗೆ ಕಟ್ಟುತ್ತೀರಿ" ಎಂದರು. ಅದರಲ್ಲಿ ನ್ಯಾಯವಿತ್ತು. ಈಗ ಅರ್ಧ ಹಾಸಿಗೆಗಳದ್ದು ರಾತ್ರಿ ಒಂಬತ್ತರೊಳಗೆ, ಇನ್ನರ್ಧದ್ದು ಬೆಳಿಗ್ಗೆ ರೌಂಡ್ಸ್ ಮುಗಿದ ಮೇಲೆ. ದೊಡ್ಡ ಡಾಕ್ಟರು ತಲೆ ಬಾಚದ ರೋಗಿಯನ್ನು ನೋಡಿ ಒಂದು ಬಾರಿ ಹುಬ್ಬೇರಿಸಿದರು, ಏನೂ ಅನ್ನಲಿಲ್ಲ. ಲ್ಯಾಬಿನವರು ರಕ್ತವನ್ನು ಆರು ಗಂಟೆಗೆ ತೆಗೆದುಕೊಳ್ಳಲು ಒಪ್ಪಿದ್ದಾರೆ. ಬಾಕಿ ಇರುವುದು ಎಕ್ಸ್‌ರೇ ವಿಭಾಗ. ಯಂತ್ರ ಒಂದೇ, ಎಂಟಕ್ಕೆ ಅದು ಕೆಳಗಿನ ವಾರ್ಡುಗಳಿಗೆ ಬೇಕು, ಹಾಗಾಗಿ ಮೂರೂವರೆಗೇ ತಳ್ಳಿಕೊಂಡು ಬರುತ್ತೇವೆ ಎನ್ನುತ್ತಾರೆ. ನಾವು ಆರು ಎಂದಿದ್ದೇವೆ. ಮುಂದಿನ ವಾರ ಮತ್ತೆ ಸಭೆ.